ಮಾವನ ವಾಲ್ವ್ ಟ್ರಂಕು ಮತ್ತು ಭಾನುವಾರದ ಹರಾಜು

2006ರ ಮಳೆಗಾಲ ಮುಗಿಯುವ ಹೊತ್ತಿಗೆ ಸೋದರಮಾವ ತೀರಿಕೊಂಡರು. ಸಿರಸಿಯ ಸಿ.ಪಿ. ಬಜಾರಿನಲ್ಲಿದ್ದ ಅವರ ರೇಡಿಯೊ ರಿಪೇರಿ ಅಂಗಡಿಯನ್ನು ತೆರವು ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕಪಾಟಿನ ಹಿಂದೆ ಒಂದು ತಗಡಿನ ಟ್ರಂಕು ಇತ್ತು. ಮುಚ್ಚಳ ತೆಗೆದರೆ ಹಳೆಯ ಪಂಚೆಯ ತುಂಡುಗಳ ನಡುವೆ ಸಾಲಾಗಿ ಜೋಡಿಸಿದ ಪುಟ್ಟ ರಟ್ಟಿನ ಡಬ್ಬಿಗಳು. ಎಣಿಸಿದೆ, 212 ಇದ್ದವು. ಒಂದೊಂದರಲ್ಲೂ ಒಂದೊಂದು ವಾಲ್ವ್ (ಹಳೆಯ ರೇಡಿಯೊದೊಳಗೆ ಸಣ್ಣ ಸಂಕೇತವನ್ನು ಹಿಗ್ಗಿಸುವ ಬಲ್ಬಿನಂಥ ಗಾಜಿನ ಕೊಳವೆ), ಒಮ್ಮೆಯೂ ಬಳಸದ್ದು, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ 1961ರಿಂದ ರೇಡಿಯೊ ವಾಲ್ವ್‌ಗಳನ್ನು ಮಾಡುತ್ತಿತ್ತು. ಅದೇ ಕೆಲಸ ಮಾಡುವ ಪುಟ್ಟ ಟ್ರಾನ್ಸಿಸ್ಟರ್ ಬಂದ ಮೇಲೆ ಕೇಳುವವರಿಲ್ಲದೆ ಇವು ಮಾವನ ಟ್ರಂಕಿನಲ್ಲಿಯೇ ಉಳಿದುಬಿಟ್ಟಿದ್ದವು.

ವಾಲ್ವಿನ ಗಾಜಿನ ನೆತ್ತಿಯ ಒಳಗೆ ಕನ್ನಡಿಯಂತೆ ಹೊಳೆಯುವ ಒಂದು ಬೆಳ್ಳಿಬಣ್ಣದ ಲೇಪ ಇರುತ್ತದೆ. ಸಣ್ಣವನಿದ್ದಾಗ ಮಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ್ದರು. "ಒಳಗೆ ಗಾಳಿ ಹೊಕ್ಕರೆ ಇದು ಸುಣ್ಣದ ಹಾಗೆ ಬೆಳ್ಳಗಾಗುತ್ತದೆ, ಮಾಣಿ. ಬೆಳ್ಳಗಾಯಿತೆಂದರೆ ಜೀವ ಹೋಯಿತೆಂದೇ ಲೆಕ್ಕ." ಆ ಸಂಜೆ ಒಂದೊಂದನ್ನೇ ಬಲ್ಬಿನ ಬೆಳಕಿಗೆ ಹಿಡಿದು ನೋಡಿದೆ. ಒಂಬತ್ತು ಬೆಳ್ಳಗಾಗಿದ್ದವು. 203 ಮಿರಮಿರನೆ ಮಿಂಚುತ್ತಿದ್ದವು. ಗುಜರಿಯವನು ಟ್ರಂಕೂ ಸೇರಿಸಿ 300 ರೂಪಾಯಿ ಕೊಡುತ್ತೇನೆಂದ. ಅತ್ತೆ ನನ್ನ ಮುಖ ನೋಡಿದರು. ಅದು ಹೆಚ್ಚೋ ಕಡಿಮೆಯೋ ಹೇಳುವುದಕ್ಕೆ ನನಗೂ ತಿಳಿಯಲಿಲ್ಲ.

ದರ ಗೊತ್ತಿಲ್ಲದ ವಸ್ತುವಿಗೆ ದರ ಹುಟ್ಟುವುದು ಹೇಗೆ ಎಂಬುದನ್ನು ನಾನು ದಿನವೂ ನೋಡುತ್ತಿದ್ದವನು. ಆಗ ನಾನು ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಬೆಳಗಾದರೆ ಸಾಹುಕಾರರ ಜೊತೆ ಟೆಂಡರ್ ಅಂಗಳಕ್ಕೆ ಹೋಗಬೇಕಿತ್ತು. ರಾಶಿ, ಬೆಟ್ಟೆ, ಚಾಲಿ, ಕೆಂಪಗೋಟು, ಬಿಳೆಗೋಟು ಎಂದು ಬೇರೆ ಬೇರೆ ಮಾಡಿ ಲಾಟು ಹಾಕಿರುತ್ತಾರೆ. ಸಾಹುಕಾರರು ಚೀಲಕ್ಕೆ ಕೈ ಹಾಕಿ ತಳದಿಂದ ನಾಲ್ಕು ಅಡಿಕೆ ತೆಗೆಯುತ್ತಿದ್ದರು. ಒಂದನ್ನು ಒಡೆದು ಒಳಗಿನ ಬಿಳುಪು ನೋಡಿ, ಮೂಸಿ, ನನಗೆ ಕ್ವಿಂಟಲಿನ ದರವನ್ನು ಕಿವಿಯಲ್ಲಿ ಹೇಳುತ್ತಿದ್ದರು. ಚೀಟಿ ಪೆಟ್ಟಿಗೆಗೆ ಬೀಳುತ್ತಿತ್ತು. ತೆರೆದಾಗ ಯಾರದು ಹೆಚ್ಚೋ ಲಾಟು ಅವರದ್ದು. ಬೆಳೆಗಾರನಿಗೆ ದರ ಸರಿಬಾರದಿದ್ದರೆ ಕೊಡದೆ ಇಟ್ಟುಕೊಳ್ಳಬಹುದು. ಕೊಟ್ಟರೆ ಅವನ ಹಣಕ್ಕೆ ಸಹಕಾರಿ ಸಂಘ ಹೊಣೆ. ವ್ಯಾಪಾರಿಯಿಂದ ವಸೂಲು ಮಾಡುವುದು ಸಂಘದ ತಲೆನೋವು. ತೋಟಗಾರರು 1923ರಲ್ಲಿಯೇ ಇಲ್ಲಿ ಮಾರಾಟ ಸಂಘ ಕಟ್ಟಿಕೊಂಡದ್ದಕ್ಕೆ ಮುಖ್ಯ ಕಾರಣ ಇದೇ ಎಂದು ನಾನು ನಂಬಿದ್ದೇನೆ. ಕೊಳ್ಳುವವನು ಯಾರೆಂದು ಗೊತ್ತಿಲ್ಲದಿದ್ದರೂ ಬೆಳೆಗಾರ ನಿಶ್ಚಿಂತೆಯಿಂದ ಮನೆಗೆ ಹೋಗಬಹುದು.

ವಾಲ್ವಿನ ವಿಷಯ ಸಾಹುಕಾರರ ಮುಂದಿಟ್ಟೆ. ಅವರು ತಕ್ಷಣ ಕೇಳಿದ ಪ್ರಶ್ನೆ, "ಇದು ಬೇಕಾದವರು ಎಷ್ಟು ಜನ ಇದ್ದಾರೆ?"

"ಸಿರಸಿಯಲ್ಲಿ ಒಬ್ಬರೂ ಇರಲಿಕ್ಕಿಲ್ಲ."

"ಒಬ್ಬ ಸಿಕ್ಕಿದರೆ ಸಾಲದು ತಮ್ಮಾ. ಇಬ್ಬರು ಬೇಕು. ಒಬ್ಬನೇ ಇದ್ದರೆ ಅವನು ಹೇಳಿದ್ದೇ ದರ."

ಆ ಎರಡನೆಯವನನ್ನು ಹುಡುಕಿಕೊಂಡು ನಾನು ದೇವಿಕೆರೆ ಹತ್ತಿರದ ಸೈಬರ್ ಕೆಫೆಗೆ ಹೋದೆ. ಭಾರತದಲ್ಲಿ 2000ದಲ್ಲಿ ಆರಂಭವಾಗಿದ್ದ ಬಾಝೀ ಎಂಬ ಹರಾಜು ತಾಣವನ್ನು 2004ರಲ್ಲಿ ಅಮೆರಿಕದ ಈಬೇ ಸುಮಾರು 5 ಕೋಟಿ ಡಾಲರಿಗೆ ಕೊಂಡಿತ್ತು. ನಾನು ಹೋಗುವ ಹೊತ್ತಿಗೆ ಅದು ಈಬೇ ಇಂಡಿಯಾ ಆಗಿತ್ತು. ನಾಲ್ಕು ವಾಲ್ವ್‌ಗಳ ಒಂದು ಲಾಟು ಮಾಡಿ, ಫೋಟೊ ಏರಿಸಿ, ಆರಂಭದ ಬೆಲೆ 99 ರೂಪಾಯಿ ಇಟ್ಟೆ. ಏಳು ದಿನದ ಹರಾಜು. ಆರು ದಿನ 180ರಲ್ಲಿಯೇ ನಿಂತಿತ್ತು. ಗುಜರಿಯವನ ಲೆಕ್ಕವೇ ಸರಿ ಇರಬಹುದೆಂದು ಅತ್ತೆಗೆ ಹೇಳಿಯೂ ಬಿಟ್ಟೆ. ಏಳನೆಯ ದಿನ ರಾತ್ರಿ, ಮುಗಿಯುವುದಕ್ಕೆ ಒಂದು ನಿಮಿಷ ಇರುವಾಗ, ಅಂಕಿ 400, 950, 1,240 ಎಂದು ಹಾರಿತು. ಕೊನೆಗೆ 1,610ಕ್ಕೆ ನಿಂತಿತು. ಕೊಂಡವರು ಪುಣೆಯಲ್ಲಿ ಗಿಟಾರ್ ಆಂಪ್ಲಿಫೈಯರ್ ಕಟ್ಟುವವರು. ಅವರೊಡನೆ ಪೈಪೋಟಿಗೆ ನಿಂತವರು ಕೋಲ್ಕತ್ತದವರು. ಇವರಿಬ್ಬರಿಗೂ ಪರಸ್ಪರ ಪರಿಚಯವಿಲ್ಲ, ನನಗೂ ಅವರ ಪರಿಚಯವಿಲ್ಲ. ಮೂವರಲ್ಲಿ ಇಬ್ಬರು ಸಿರಸಿ ಎಲ್ಲಿದೆ ಎಂಬುದನ್ನೂ ತಿಳಿದವರಲ್ಲ.

ಮರುದಿನ ಸಾಹುಕಾರರಿಗೆ ಇನ್ನೊಂದು ಸಂಗತಿ ಹೇಳಿದೆ, ಅವರು ಅದನ್ನು ಬಹಳ ಹೊತ್ತು ಯೋಚಿಸಿದರು. ಅಲ್ಲಿ ಕೊಳ್ಳುವವನು ತನ್ನ ಗರಿಷ್ಠ ಬೆಲೆಯನ್ನು ಗುಟ್ಟಾಗಿ ಬರೆದಿಡುತ್ತಾನೆ. 2,000 ಎಂದು ಬರೆದಿದ್ದರೂ ಎರಡನೆಯವನು 1,585ಕ್ಕೆ ನಿಂತರೆ, ಅದಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಕೊಟ್ಟರೆ ಸಾಕು. ನಮ್ಮ ಟೆಂಡರಿನಲ್ಲಿ ಹಾಗಲ್ಲ, ಬರೆದಷ್ಟನ್ನೂ ಕೊಡಬೇಕು. ಆದ್ದರಿಂದ ಸಾಹುಕಾರರು ಮನಸ್ಸಿನಲ್ಲಿರುವ ದರವನ್ನು ಎಂದೂ ಬರೆಯುತ್ತಿರಲಿಲ್ಲ. ಪಕ್ಕದವನು ಎಷ್ಟು ಬರೆದಿರಬಹುದು ಎಂದು ಊಹಿಸಿ ಅದಕ್ಕಿಂತ ತುಸು ಮೇಲೆ ಬರೆಯುತ್ತಿದ್ದರು. ಎರಡನೆಯ ಬೆಲೆಯ ಹರಾಜಿನಲ್ಲಿ ನಿಜವನ್ನೇ ಬರೆಯುವುದು ಲಾಭ ಎಂದು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲಿ ತೋರಿಸಿದ್ದರು. 1996ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ನಾನು ಕಂಡ ಹಾಗೆ ಜನ ಕೊನೆಯ ನಿಮಿಷದವರೆಗೂ ಕಾಯುತ್ತಾರೆ, ಏಕೆಂದರೆ ಗಡಿಯಾರ ಗಟ್ಟಿ, ಹೊತ್ತು ಮೀರಿದರೆ ಮುಗಿಯಿತು. ಅಮೆಜಾನ್ 1999ರಲ್ಲಿ ತೆರೆದ ಹರಾಜಿನಲ್ಲಿ ಕೊನೆಯ 10 ನಿಮಿಷದಲ್ಲಿ ಯಾರಾದರೂ ಕೂಗಿದರೆ ಹೊತ್ತು ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಅಲ್ಲಿ ಕೊನೆಯ ಗಳಿಗೆಯ ನುಗ್ಗಾಟ ಬಹಳ ಕಡಿಮೆ ಇತ್ತೆಂದು ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ ಎಂಬ ಇಬ್ಬರು ವಿದ್ವಾಂಸರು ಎರಡನ್ನೂ ಹೋಲಿಸಿ ತೋರಿಸಿದ್ದಾರೆ. ಈ ಒಂದು ನಿಯಮ ಮುಂದೆ ನನ್ನ ಕೈಗೆ ನೇರವಾಗಿ ಒದಗಿತು.

ಹಣದ ವಿಷಯಕ್ಕೆ ಬರುತ್ತೇನೆ. ಕೊಂಡವರು ನನಗೆ ನೇರವಾಗಿ ದುಡ್ಡು ಕಳಿಸಲಿಲ್ಲ. ಪೈಸಾಪೇ ಎಂಬ ವ್ಯವಸ್ಥೆಗೆ ಕಟ್ಟಿದರು. ಪಾರ್ಸೆಲ್ ತಲುಪಿದ ಮೇಲೆ ಅದು ನನ್ನ ಖಾತೆಗೆ ಬಂತು. ಅದನ್ನು ನೋಡಿದ ಕ್ಷಣ ನನಗೆ ಟೆಂಡರ್ ಅಂಗಳ ಕಣ್ಣ ಮುಂದೆ ಬಂತು. ಅಡಿಕೆಗೆ ಸಂಘ ಹೇಗೆ ನಡುವೆ ನಿಲ್ಲುತ್ತದೆಯೋ ಇಲ್ಲಿ ಹಾಗೆ ತಾಣ ನಿಂತಿತ್ತು. ಜೊತೆಗೆ ಪ್ರತಿ ವ್ಯವಹಾರದ ನಂತರ ಒಬ್ಬರು ಇನ್ನೊಬ್ಬರ ಬಗ್ಗೆ ನಾಲ್ಕು ಮಾತು ಬರೆಯುವ ಏರ್ಪಾಡು. ನಮ್ಮಲ್ಲಿ "ಅವರ ಅಡಿಕೆಯೋ, ಕಣ್ಣು ಮುಚ್ಚಿ ದರ ಬರೆಯಿರಿ" ಎನ್ನುವ ಮಾತು ಒಂದು ಮನೆತನ ಗಳಿಸಿಕೊಳ್ಳಲು ಎರಡು ತಲೆಮಾರು ಹಿಡಿಯುತ್ತದೆ. ಅಲ್ಲಿ ನನಗೆ ಎಂಟು ತಿಂಗಳು ಹಿಡಿಯಿತು.

ಪಾರ್ಸೆಲ್ ಕಟ್ಟುವುದನ್ನು ಕಲಿಯಲು ಮಾತ್ರ ಪೆಟ್ಟು ತಿನ್ನಬೇಕಾಯಿತು. ಮೂರನೆಯ ಲಾಟಿನಲ್ಲಿ ಆರು ವಾಲ್ವ್‌ಗಳ ಪೈಕಿ ನಾಲ್ಕು ಪುಡಿಯಾಗಿ ತಲುಪಿದವು. ಹಣ ಹಿಂದಿರುಗಿಸಿ, ರಾತ್ರಿಯಿಡೀ ಯೋಚಿಸಿದೆ. ಅಂಗಳದಲ್ಲಿ ಬಿದ್ದಿದ್ದ ಅಡಿಕೆ ಹಾಳೆಗಳನ್ನು ನೆನೆಸಿ, ಕೊಯ್ದು, ಎರಡೂ ಬದಿ ಬಾಗಿಸಿ ದೋಣಿಯಂತೆ ಮಾಡಿ ಒಣಗಿಸಿದೆ. ಒಂದು ದೋಣಿಯಲ್ಲಿ ಹತ್ತಿ ಸುತ್ತಿದ ವಾಲ್ವ್, ಮೇಲೆ ಇನ್ನೊಂದು ದೋಣಿ ಕವುಚಿ ಸುತಳಿ ಕಟ್ಟಿ, ಅದನ್ನು ಪೆಟ್ಟಿಗೆಗೆ, ಆ ಪೆಟ್ಟಿಗೆಯನ್ನು ಮತ್ತೊಂದು ಪೆಟ್ಟಿಗೆಗೆ. ಆಮೇಲೆ ಒಂದೇ ಒಂದು ವಾಲ್ವ್ ಒಡೆದಿಲ್ಲ. ಹಾಳೆ ಹಗುರ, ಬಿರುಸು, ಪುಕ್ಕಟೆ. ದಿಲ್ಲಿಯ ಗಿರಾಕಿಯೊಬ್ಬರು ಆ ಹಾಳೆಯ ದೋಣಿ ಯಾವ ಮರದ್ದೆಂದು ಕೇಳಿ ಪತ್ರ ಬರೆದಿದ್ದರು.

ಮಾರುತ್ತಾ ಹೋದಂತೆ ಈ ಕಂಪನಿಗಳು ಬೆಳೆದ ಬಗೆಯನ್ನು ತಿಳಿಯುವ ಹಂಬಲ ಹುಟ್ಟಿತು. ಸಿಕ್ಕಿದ್ದನ್ನೆಲ್ಲ ಓದಿದೆ. ಪಿಯರ್ ಒಮಿಡ್ಯಾರ್ 1995ರ ಸೆಪ್ಟೆಂಬರಿನಲ್ಲಿ, ಮುಂದೆ ಈಬೇ ಆದ ತಾಣವನ್ನು ತೆರೆದಾಗ ಅದು ಅವರ ಬಿಡುವಿನ ಕೆಲಸ. ಮೊದಲು ಮಾರಿದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಯಾರಿಗೂ ಬೇಡವಾದದ್ದಕ್ಕೂ ಎಲ್ಲೋ ಒಬ್ಬ ಗಿರಾಕಿ ಇದ್ದಾನೆ ಎಂದು ಅದು ತೋರಿಸಿತು. ಜನ ಹೆಚ್ಚಾಗಿ ಇಂಟರ್ನೆಟ್ ಸೇವೆಯವರು ತಿಂಗಳಿಗೆ 250 ಡಾಲರ್ ಕೇಳಿದ ಮೇಲೆ ಅವರು ಮಾರುವವರಿಂದ ಸಣ್ಣ ಶುಲ್ಕ ಕೇಳಿದರು. ಜನ ಕೊಟ್ಟರು. ಸರಕು ಕೊಳ್ಳುವ ಬಂಡವಾಳ ಬೇಡ, ಉಗ್ರಾಣ ಬೇಡ, ಸಾಲದ ಮೇಲೆ ಮಾಲು ಕೊಡುವ ಭಯವಿಲ್ಲ. ಮಾರುವವರು ಬಂದಷ್ಟೂ ಕೊಳ್ಳುವವರು ಬರುತ್ತಾರೆ, ಕೊಳ್ಳುವವರನ್ನು ನೋಡಿ ಮತ್ತೆ ಮಾರುವವರು ಬರುತ್ತಾರೆ. 1998ರಲ್ಲಿ ಷೇರುಪೇಟೆಗೆ ಬಂದ ಕಂಪನಿ 2002ರಲ್ಲಿ 150 ಕೋಟಿ ಡಾಲರ್ ಕೊಟ್ಟು ಪೇಪಾಲ್ ಕೊಂಡಿತು. ಹಣ ಪಾವತಿಯ ಕಂಪನಿಗೆ ಅಷ್ಟೊಂದು ಏಕೆ ಸುರಿದರು ಎಂದು ಕೇಳುವವರಿಗೆ ನಾನು ಸಂಘದ ಕೌಂಟರನ್ನು ತೋರಿಸುತ್ತೇನೆ. ಹರಾಜಿನ ಅಂಗಳ ಯಾರು ಬೇಕಾದರೂ ಕಟ್ಟಬಹುದು. ಹಣದ ಹೊಣೆ ಹೊತ್ತವನ ಅಂಗಳದಲ್ಲಿ ಮಾತ್ರ ಜನ ಉಳಿಯುತ್ತಾರೆ.

ಅದೇ ಕಂಪನಿ ಜಪಾನಿನಲ್ಲಿ ಸೋತದ್ದೂ ನನಗೆ ಬಹಳ ಕಲಿಸಿತು. ಅಲ್ಲಿ ಯಾಹೂ ಜಪಾನ್ 1999ರಲ್ಲಿಯೇ ಹರಾಜು ಆರಂಭಿಸಿತ್ತು. ಈಬೇ ಹೋದದ್ದು ಕೆಲವೇ ತಿಂಗಳ ನಂತರ, 2000ದಲ್ಲಿ. ಆ ಕೆಲವು ತಿಂಗಳೇ ಸಾಕಾದವು, 2002ರಲ್ಲಿ ಅದು ಬಾಗಿಲು ಹಾಕಿಕೊಂಡು ಹಿಂದಿರುಗಿತು. ಘಟ್ಟದ ಅಂಚಿನ ಕೆಲವು ಊರುಗಳವರಿಗೆ ಕುಮಟೆಯೂ ಸಿರಸಿಯೂ ಹೆಚ್ಚುಕಡಿಮೆ ಒಂದೇ ದೂರ. ಅವರು ಚಾಲಿ ಒಯ್ಯುವುದು ಹೆಚ್ಚು ವ್ಯಾಪಾರಿಗಳು ನಿಂತಿರುವ ಕಡೆಗೆ, ಹೊಸದಾಗಿ ಬಣ್ಣ ಹೊಡೆದ ಅಂಗಳಕ್ಕಲ್ಲ. ಚೀನಾದಲ್ಲಿ ಈಬೇ ಮೊದಲೇ ಕಾಲಿಟ್ಟಿತ್ತು, ಅಲ್ಲಿನ ಈಚ್‌ನೆಟ್ ಕಂಪನಿಯನ್ನು ಪೂರ್ತಿ ಕೊಂಡಿತ್ತು. ಆದರೂ ಅಲ್ಲಿಯೂ ಸೋತಿತು. 2003ರಲ್ಲಿ ಅಲಿಬಾಬಾ ತೆರೆದ ತಾವೊಬಾವ್ ಮಾರುವವರಿಂದ ಶುಲ್ಕವನ್ನೇ ಕೇಳಲಿಲ್ಲ. ಕೊಳ್ಳುವವರೂ ಮಾರುವವರೂ ನೇರವಾಗಿ ಮಾತಾಡಿಕೊಳ್ಳಲು ಬಿಟ್ಟಿತು. ಅಲಿಪೇ ಮೂಲಕ ಹಣವನ್ನು ನಡುವೆ ಹಿಡಿದು ಮಾಲು ತಲುಪಿದ ಮೇಲೆ ಬಿಟ್ಟಿತು. ಚೌಕಾಸಿ ಮಾಡದೆ ಕೊಳ್ಳದ ಜನಕ್ಕೆ ಮಾತಿನ ಜಾಗ ಬೇಕೆಂಬುದು ಅಲ್ಲಿನವರಿಗೆ ಗೊತ್ತಿತ್ತು.

ಈ ನಡುವೆ ಹರಾಜೇ ಕಡಿಮೆಯಾಗತೊಡಗಿತು. ಈಬೇಯಲ್ಲಿ "ಈಗಲೇ ಕೊಳ್ಳಿ" ಎಂಬ ಗುಂಡಿ 2000ದಿಂದಲೇ ಇತ್ತು. ಆ ದಶಕ ಮುಗಿಯುವ ಹೊತ್ತಿಗೆ ನಿಗದಿ ಬೆಲೆಯ ವ್ಯಾಪಾರ ಹರಾಜನ್ನು ಹಿಂದೆ ಹಾಕಿತ್ತು. ಹೊಸ ಮೊಬೈಲ್ ಕೊಳ್ಳುವವನು ಏಳು ದಿನ ಏಕೆ ಕಾಯಬೇಕು? ಅವನಿಗೆ ದರ ಗೊತ್ತೇ ಇದೆ. ಹರಾಜು ಬೇಕಾಗುವುದು ದರ ಗೊತ್ತಿಲ್ಲದ್ದಕ್ಕೆ, ಮಾವನ ಟ್ರಂಕಿನಂಥದ್ದಕ್ಕೆ. ದೊಡ್ಡ ಕಂಪನಿಗಳು ದೊಡ್ಡ ವ್ಯಾಪಾರದ ಹಿಂದೆ ಹೋದವು, ಅದು ಸಹಜ. ಈಬೇ ಇಂಡಿಯಾ 2017ರಲ್ಲಿ ಫ್ಲಿಪ್‌ಕಾರ್ಟ್ ತೆಕ್ಕೆಗೆ ಬಂತು. 2018ರ ಆಗಸ್ಟ್ 14ರಂದು ವಹಿವಾಟು ನಿಲ್ಲಿಸಿತು.

ಅಷ್ಟರಲ್ಲಿ ಅತ್ತೆಯ ಟ್ರಂಕಿನಲ್ಲಿ ಉಳಿದದ್ದು ಹನ್ನೊಂದು ವಾಲ್ವ್. ಆದರೆ ನನ್ನ ನೋಟುಬುಕ್ಕಿನಲ್ಲಿ ಎರಡು ಸಲಕ್ಕಿಂತ ಹೆಚ್ಚು ಕೊಂಡ 63 ಜನರ ಹೆಸರಿತ್ತು. ಗಿರಾಕಿಯ ಹೆಸರನ್ನು ಸ್ವಂತ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ವಖಾರಿಯಲ್ಲಿ ಕಲಿತ ಅಭ್ಯಾಸ. ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ, ಒಪ್ಪಿದ 41 ಜನರನ್ನು ಸೇರಿಸಿ ಒಂದು ವಾಟ್ಸಪ್ ಗುಂಪು ಮಾಡಿದೆ. ವಾಲ್ವ್, ಹಳೆಯ ರೇಡಿಯೊ, ಆಂಪ್ಲಿಫೈಯರ್, ಗ್ರಾಮೊಫೋನ್ ತಟ್ಟೆ, ಇಷ್ಟೇ. ಪ್ರತಿ ಭಾನುವಾರ ರಾತ್ರಿ 8ಕ್ಕೆ ಆರಂಭ, 9.30ಕ್ಕೆ ಮುಕ್ತಾಯ. ಕೊನೆಯ ಮೂರು ನಿಮಿಷದಲ್ಲಿ ಕೂಗು ಬಂದರೆ ಇನ್ನು ಮೂರು ನಿಮಿಷ. ಕೊಂಡವರು ಯುಪಿಐ ಮೂಲಕ ಇದಕ್ಕೆಂದೇ ತೆರೆದ ಖಾತೆಗೆ ಹಣ ಹಾಕಬೇಕು. ಮಾಲು ತಲುಪಿತೆಂದು ಅವರು ಬರೆದ ಮೇಲೆಯೇ ಮಾರಿದವರಿಗೆ ಹಣ. ಒಂದು ವರ್ಷ ದಲಾಲಿ ತೆಗೆದುಕೊಳ್ಳಲಿಲ್ಲ. ಎರಡನೆಯ ವರ್ಷದಿಂದ ಮಾರುವವರಿಂದ ಶೇಕಡಾ 5 ತೆಗೆದುಕೊಂಡೆ. ಲೆಕ್ಕಪರಿಶೋಧಕರು ಹೇಳಿದಂತೆ ಜಿಎಸ್‌ಟಿ ನೋಂದಣಿಯನ್ನೂ ಮಾಡಿಸಿದೆ. ಇನ್ನೊಬ್ಬರ ಮಾಲಿನ ಹಣ ಪಡೆಯುವ ಆನ್‌ಲೈನ್ ಮಾರುಕಟ್ಟೆಯವರಿಗೆ ಅದು ಕಡ್ಡಾಯ.

ಎರಡನೆಯ ವರ್ಷದ ಚಳಿಗಾಲದಲ್ಲಿ ನನ್ನ ನಿದ್ದೆ ಕೆಡಿಸಿದ ಒಂದು ಘಟನೆ ನಡೆಯಿತು. ಒಬ್ಬ ಸದಸ್ಯರ ರೇಡಿಯೊಗಳು ಮೂರು ವಾರ ಸತತವಾಗಿ ಒಳ್ಳೆಯ ಬೆಲೆಗೆ ಹೋದವು. ಲೆಕ್ಕ ಬರೆಯುವಾಗ ಕಣ್ಣಿಗೆ ಬಿತ್ತು, ಮೂರು ವಾರವೂ ಎರಡನೆಯ ಸ್ಥಾನದಲ್ಲಿ ನಿಂತು ದರ ಏರಿಸಿದ ನಂಬರ್ ಒಂದೇ. ಆ ನಂಬರ್ ಬೇರೆ ಯಾರ ಮಾಲಿಗೂ ಒಮ್ಮೆಯೂ ಕೂಗಿರಲಿಲ್ಲ. ಗುಂಪಿಗೆ ಅದನ್ನು ಸೇರಿಸಲು ಹೇಳಿದವರೂ ಅವರೇ. ಫೋನ್ ಮಾಡಿ ಕೇಳಿದೆ. ಸುಮ್ಮನಿದ್ದು, ಆಮೇಲೆ "ನಮ್ಮ ಭಾವ" ಎಂದರು. ಎರಡನೆಯವನು ಬೇಕು ಎಂದು ಸಾಹುಕಾರರು ಹೇಳಿದ್ದರಲ್ಲ, ಆ ಎರಡನೆಯವನನ್ನೇ ಸುಳ್ಳಾಗಿ ನಿಲ್ಲಿಸಿದ್ದರು. ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ವಿಷಯ. ಸುಳ್ಳು ಕೂಗಿನಿಂದ ದರ ಏರಿದಾಗ ನನ್ನ ಶೇಕಡಾ 5 ಕೂಡ ಏರಿತ್ತು. ಹರಾಜು ನಡೆಸುವವನಿಗೆ ಕಣ್ಣು ಮುಚ್ಚಿಕೊಂಡಷ್ಟೂ ಈ ತಿಂಗಳ ಲಾಭ ಹೆಚ್ಚು. ಜಗತ್ತಿನ ಎಲ್ಲ ಹರಾಜು ಕಂಪನಿಗಳ ಮುಂದೆಯೂ ಈ ಆಮಿಷ ಇದ್ದೇ ಇರುತ್ತದೆ.

ಮೂವರು ಕೊಂಡವರಿಗೂ ನಡೆದದ್ದನ್ನು ಹೇಳಿ, ಏರಿದ ವ್ಯತ್ಯಾಸ 2,300 ರೂಪಾಯಿಯನ್ನು ನನ್ನ ಕೈಯಿಂದ ಹಿಂದಿರುಗಿಸಿದೆ. ಮಾರಿದವರನ್ನು ಗುಂಪಿನಿಂದ ತೆಗೆದೆ. ಅವರ ಜೊತೆ ನಾಲ್ವರು ಹಳೆಯ ಮಾರಾಟಗಾರರೂ ಹೊರಟುಹೋದರು. ಎರಡು ತಿಂಗಳು ವ್ಯಾಪಾರ ಅರ್ಧಕ್ಕೆ ಇಳಿಯಿತು. ಮೂರನೆಯ ತಿಂಗಳು, ಹಣ ಹಿಂದೆ ಪಡೆದ ಆ ಮೂವರೇ ಹನ್ನೆರಡು ಹೊಸಬರನ್ನು ಕರೆತಂದರು.

ಆಗ ವಾಟ್ಸಪ್ ಗುಂಪಿನ ಮಿತಿ 256 ಜನ. 2021ರಲ್ಲಿ ಅದು ತುಂಬಿತು. ತಂಗಿಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. "ಆ್ಯಪ್ ಮಾಡೋಣ ಮಾವ, ನಾಣ್ಯ, ಹಳೆಯ ಪೀಠೋಪಕರಣ, ಕಾರು ಎಲ್ಲವನ್ನೂ ಸೇರಿಸೋಣ" ಎಂದ. ಅವನ ಉತ್ಸಾಹ ನನಗೆ ಇಷ್ಟವೇ. ಒಂದು ವಾರ ಕೂತು ಲೆಕ್ಕ ಹಾಕಿದೆವು. ನಾಣ್ಯವನ್ನು ಮೊದಲೇ ಕೈಬಿಟ್ಟೆವು. 100 ವರ್ಷ ದಾಟಿದ್ದು 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ನಕಲಿ ಯಾವುದು ಅಸಲಿ ಯಾವುದು ಹೇಳುವ ಕಣ್ಣೂ ನನಗಿಲ್ಲ. ಕಾರಿನ ವಿಷಯದಲ್ಲಿಯೂ ಅದೇ. ನನಗೆ ಗೊತ್ತಿರುವುದು ವಾಲ್ವಿನ ನೆತ್ತಿಯ ಬೆಳ್ಳಿ ಮಾತ್ರ. ಹಾಗಾದರೆ ಅದರಲ್ಲಿಯೇ ಇನ್ನಷ್ಟು ಆಳಕ್ಕೆ ಹೋಗೋಣ ಎಂದೆ.

ಬೆಳೆಯುವ ದಾರಿಯನ್ನು ತೋರಿಸಿದ್ದು ಮತ್ತೆ ಅಡಿಕೆಯೇ. ಕಲಬೆರಕೆ ಲಾಟಿಗೆ ವ್ಯಾಪಾರಿ ಯಾವಾಗಲೂ ಕೀಳು ಮಾಲಿನ ದರ ಬರೆಯುತ್ತಾನೆ, ಅನುಮಾನದ ಬೆಲೆಯನ್ನು ಕಳೆದೇ ಬರೆಯುತ್ತಾನೆ. ಅದೇ ಅಡಿಕೆಯನ್ನು ಆರಿಸಿ ಬೇರೆ ಮಾಡಿದರೆ ಒಟ್ಟು ಹಣ ಹೆಚ್ಚುತ್ತದೆ. ಏಲಕ್ಕಿಯ ವಿಷಯದಲ್ಲಿಯೂ ಹೀಗೆಯೇ. ಕೇರಳದ ಪುಟ್ಟಡಿ ಮತ್ತು ತಮಿಳುನಾಡಿನ ಬೋಡಿನಾಯಕನೂರಿನಲ್ಲಿ ಸಂಬಾರ ಮಂಡಳಿಯ ಇ-ಹರಾಜಿನಲ್ಲಿ ದರ ಕಂಪ್ಯೂಟರಿನಲ್ಲಿ ಏರಿದರೂ ವ್ಯಾಪಾರಿಯ ಕೈಯಲ್ಲಿ ಮಾದರಿ ಕಾಳು ಇರುತ್ತದೆ. ನಮ್ಮ ರಾಜ್ಯದ ಎಪಿಎಂಸಿಗಳಿಗೆ 2014ರಿಂದ ಏಕೀಕೃತ ಆನ್‌ಲೈನ್ ವೇದಿಕೆ ಬಂತು, ಚೀಟಿಯ ಜಾಗಕ್ಕೆ ಪರದೆ ಬಂತು. ಸಾಹುಕಾರರು ಮಾತ್ರ ಇಂದಿಗೂ ಚೀಲದ ತಳಕ್ಕೆ ಕೈ ಹಾಕಿದ ಮೇಲೆಯೇ ಅಂಕಿ ಒತ್ತಿಸುತ್ತಾರೆ.

ಕೂಡಿಟ್ಟ ದಲಾಲಿಯಲ್ಲಿ ಒಂದು ಹಳೆಯ ವಾಲ್ವ್ ಪರೀಕ್ಷಾ ಯಂತ್ರ ಕೊಂಡು, ರಿಪೇರಿ ಮಾಡಿಕೊಂಡೆ. ಈಗ ಸದಸ್ಯರು ತಮ್ಮ ವಾಲ್ವ್‌ಗಳನ್ನು ಸಿರಸಿಗೆ ಕಳಿಸುತ್ತಾರೆ. ಯಂತ್ರಕ್ಕೆ ಹಾಕಿ, ಬಿಸಿಯಾಗಲು ಬಿಟ್ಟು, ಮುಳ್ಳು ಎಲ್ಲಿ ನಿಂತಿತೆಂದು ಚೀಟಿಯಲ್ಲಿ ಬರೆದು ಅಂಟಿಸುತ್ತೇನೆ. ಬಲಹೀನವಾದದ್ದಕ್ಕೆ ಬಲಹೀನ ಎಂದೇ ಬರೆಯುತ್ತೇನೆ. ಮೊದಲು 400ರ ಆಸುಪಾಸಿಗೆ ಹೋಗುತ್ತಿದ್ದ ವಾಲ್ವ್ ಈಗ ಚೀಟಿಯೊಂದಿಗೆ 700 ದಾಟುತ್ತದೆ. ಬಲಹೀನವಾದದ್ದೂ ಮಾರಾಟವಾಗುತ್ತದೆ, ತಿಳಿದೇ ಕೊಳ್ಳುವವರಿದ್ದಾರೆ. ವಾಟ್ಸಪ್ 2022ರಲ್ಲಿ ಮಿತಿಯನ್ನು ಮೊದಲು 512ಕ್ಕೆ, ಆಮೇಲೆ 1,024ಕ್ಕೆ ಏರಿಸಿತು. ನಾನು 400ರ ಹತ್ತಿರ ನಿಲ್ಲಿಸಿದ್ದೇನೆ. ವಾರಕ್ಕೆ ನನ್ನ ಕೈ ಪರೀಕ್ಷಿಸಬಲ್ಲದ್ದು ಮೂವತ್ತು ವಾಲ್ವ್. ಅದಕ್ಕಿಂತ ಹೆಚ್ಚು ಮಾಲು ತೆಗೆದುಕೊಂಡರೆ ಚೀಟಿಯ ಮೇಲಿನ ಬರಹಕ್ಕೆ ಬೆಲೆ ಉಳಿಯುವುದಿಲ್ಲ. ತಂಗಿಯ ಮಗ ರಜೆಗೆ ಬಂದಾಗ ಯಂತ್ರ ನಡೆಸಲು ಕಲಿಯುತ್ತಿದ್ದಾನೆ, ಅವನು ಕಲಿತ ಮೇಲೆ ಅರವತ್ತು ಆಗಬಹುದು.

ಕಳೆದ ತಿಂಗಳು ಅತ್ತೆಯ ಟ್ರಂಕಿನ ಕೊನೆಯ ವಾಲ್ವ್ ಹರಾಜಿಗೆ ಬಂತು. ರೇಡಿಯೊ ಕೇಂದ್ರ ಸರಿಯಾಗಿ ಸಿಕ್ಕಾಗ ಹಸಿರು ಬೆಳಕಿನ ಬೀಸಣಿಗೆ ಬಿಚ್ಚಿಕೊಳ್ಳುವ ಮ್ಯಾಜಿಕ್ ಐ ವಾಲ್ವ್ ಅದು. ಅತ್ತೆ ಅದನ್ನು ಇಷ್ಟು ದಿನ ಕೊಡಲು ಒಪ್ಪಿರಲಿಲ್ಲ. ಕಾರವಾರದ ಒಬ್ಬ ನಿವೃತ್ತ ಮಾಸ್ತರರು ಮತ್ತು ಮೈಸೂರಿನ ಒಬ್ಬ ಹುಡುಗಿ ಪೈಪೋಟಿಗೆ ಬಿದ್ದರು. 9.30 ಕಳೆದು, ಮೂರು ಮೂರು ನಿಮಿಷವಾಗಿ ಏಳು ಸಲ ಮುಂದಕ್ಕೆ ಹೋಗಿ, 9.51ಕ್ಕೆ 2,150 ರೂಪಾಯಿಗೆ ಮಾಸ್ತರರದಾಯಿತು. ಅವರ ತಂದೆಯ ರೇಡಿಯೊಗೆ ಅದೊಂದೇ ಬೇಕಾಗಿತ್ತಂತೆ. ಹುಡುಗಿಗಾಗಿ ಹುಬ್ಬಳ್ಳಿಯ ಸದಸ್ಯರೊಬ್ಬರ ಬಳಿ ಇನ್ನೊಂದು ಇದೆಯೆಂದು ಪತ್ತೆ ಮಾಡಿ, ಪರೀಕ್ಷೆಗೆ ತರಿಸಿದ್ದೇನೆ.

ಹಾಳೆಯ ದೋಣಿಯಲ್ಲಿಟ್ಟು ಸೋಮವಾರ ಕಳಿಸಿದ ಪಾರ್ಸೆಲ್ ಬುಧವಾರ ತಲುಪಿತು. ಅಂದು ಸಂಜೆ ಮಾಸ್ತರರಿಂದ ಒಂದು ಸಣ್ಣ ವಿಡಿಯೊ ಬಂತು. ಮರದ ಪೆಟ್ಟಿಗೆಯ ಗಾಜಿನ ಹಿಂದೆ ಹಸಿರು ನಿಧಾನವಾಗಿ ಮೂಡಿ, ಮುಳ್ಳು ಸರಿದಂತೆ ಅಗಲವಾಗಿ ಅರಳಿತು. ಅದರ ಕೆಳಗೆ ಬರೆದಿದ್ದರು: "ತಲುಪಿತು. ಕಣ್ಣು ಬಿಟ್ಟಿದೆ. ಅಮ್ಮನವರಿಗೆ ಹಣ ಬಿಡಿ." ಅತ್ತೆ ನನ್ನ ಮೊಬೈಲ್ ತೆಗೆದುಕೊಂಡು ಆ ವಿಡಿಯೊವನ್ನು ಮೂರು ಸಲ ನೋಡಿದರು. ನಾನು ಪಕ್ಕದಲ್ಲಿ ಕೂತು, ದಲಾಲಿ ಹಿಡಿಯದೆ, 2,150 ರೂಪಾಯಿಯನ್ನು ಅವರ ಖಾತೆಗೆ ಹಾಕಿದೆ.